ಬೈಯಪ್ಪನಹಳ್ಳಿಯ ಗೋಜಲು, ಹಳೇಬೀಡಿನ ವ್ಯೂಹ: ಕೈಯಲ್ಲೇ ಬರೆಯುವ ದಾರಿ ಹುಡುಕಾಟದ ಚಿತ್ರಗಳು

ಬೆಂಗಳೂರು: ಬೈಯಪ್ಪನಹಳ್ಳಿಗೆ ಹೊರಟವರು ಮೊದಲು ‘ಯಾವ ಬೈಯಪ್ಪನಹಳ್ಳಿ’ ಎಂದು ಕೇಳಿಕೊಳ್ಳುವುದು ಒಳ್ಳೆಯದು. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಮೊದಲ ಬಾರಿಗೆ ಓಡಿದ್ದು ಈ ಹೆಸರಿನ ಮೆಟ್ರೊ ನಿಲ್ದಾಣ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ. ಕಂಟೋನ್ಮೆಂಟಿನಿಂದ ಕೃಷ್ಣರಾಜಪುರಕ್ಕೆ ಹೋಗುವ ಹಳಿಯ ಮೇಲೆ ಇದೇ ಹೆಸರಿನ ಹಳೆಯ ರೈಲು ನಿಲ್ದಾಣವಿದೆ. 2022ರ ಜೂನ್ 6ರಂದು ಎರ್ನಾಕುಲಂ ರೈಲಿನೊಂದಿಗೆ ಕೆಲಸ ಆರಂಭಿಸಿದ, ಏಳು ಪ್ಲಾಟ್‌ಫಾರ್ಮ್‌ಗಳ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕೂಡ ಜನರ ಬಾಯಲ್ಲಿ ಬೈಯಪ್ಪನಹಳ್ಳಿಯೇ. ನಕ್ಷೆಯಲ್ಲಿ ಮೂರೂ ಅಕ್ಕಪಕ್ಕ. ಕಾಲಿಗೆ ಮಾತ್ರ ಹಾಗಲ್ಲ. ನಡುವೆ ಹಳಿಗಳಿವೆ, ಹಳೇ ಮದ್ರಾಸ್ ರಸ್ತೆಯಿದೆ, ಉದ್ದುದ್ದನೆಯ ಕಾಂಪೌಂಡ್ ಗೋಡೆಗಳಿವೆ. ಟರ್ಮಿನಲ್ ತೆರೆದಾಗ ಪ್ರಯಾಣಿಕರ ಮೊದಲ ದೂರು ಇದೇ ಆಗಿತ್ತು: ಮೆಟ್ರೊ ಇಳಿದವರು ಲಗೇಜು ಹೊತ್ತು ಬಳಸುದಾರಿ ಹಿಡಿಯಬೇಕು, ದಾರಿ ತಪ್ಪಿದರೆ ರೈಲೂ ತಪ್ಪುತ್ತದೆ.

ಗುರಿ ಹತ್ತಿರದಲ್ಲೇ ಇದೆ, ಆದರೆ ದಾರಿ ಬೆನ್ನು ತಿರುಗಿಸಿ ದೂರ ಹೋಗುತ್ತದೆ. ಪತ್ರಿಕೆಗಳ ಮಕ್ಕಳ ಪುಟದಲ್ಲಿ ‘ಮೊಲಕ್ಕೆ ಗಜ್ಜರಿಯ ದಾರಿ ತೋರಿಸಿ’ ಎಂದು ಬರುವ ಚಿತ್ರಗಳ ಮರ್ಮವೂ ಇಷ್ಟೇ. ಊರಿನಲ್ಲಿ ಇದು ಯೋಜನೆಯ ದೋಷ, ಕಾಗದದ ಮೇಲೆ ಮನರಂಜನೆ. ದೋಷವನ್ನು ಬೇಕೆಂದೇ, ಲೆಕ್ಕಾಚಾರದಿಂದ ಮಾಡುವುದು ಹೇಗೆಂದು ತಿಳಿದರೆ ಒಂದು ಪೆನ್ಸಿಲ್ಲು ಮತ್ತು ಚೌಕಳಿ ಹಾಳೆಯಲ್ಲಿ ಯಾರು ಬೇಕಾದರೂ ಒಳ್ಳೆಯ ವ್ಯೂಹವನ್ನು ಬರೆಯಬಹುದು.

ಒಂಟಿದಾರಿ, ಕವಲುದಾರಿ

ಇಂತಹ ಚಿತ್ರಗಳಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ದಾರಿ ಒಂದೇ. ಅದು ಎಷ್ಟೇ ಸುತ್ತಿ ಬಳಸಿದರೂ ಕವಲೊಡೆಯುವುದಿಲ್ಲ. ಹೊರಟವನು ನಡೆಯುತ್ತಲೇ ಇದ್ದರೆ ನಡುಮಧ್ಯಕ್ಕೆ ತಲುಪಿಯೇ ತಲುಪುತ್ತಾನೆ. ಎರಡನೆಯದರಲ್ಲಿ ಕವಲುಗಳಿವೆ, ಕುರುಡು ಓಣಿಗಳಿವೆ, ಆಯ್ಕೆಯಿದೆ, ಆದ್ದರಿಂದ ತಪ್ಪೂ ಇದೆ. ಹನ್ನೆರಡು ವರ್ಷಗಳ ಕಾಲ ಬೈಯಪ್ಪನಹಳ್ಳಿಯೇ ಪೂರ್ವದ ಕೊನೆಯಾಗಿದ್ದ ಮೆಟ್ರೊ ಮಾರ್ಗ ಮೊದಲ ಜಾತಿಯದು. 2023ರ ಅಕ್ಟೋಬರಿನಲ್ಲಿ ಅದು ಕೃಷ್ಣರಾಜಪುರದವರೆಗೆ ಬೆಸೆದುಕೊಂಡು ವೈಟ್‌ಫೀಲ್ಡ್ ಕಡೆಗೆ ನೇರ ಸಂಪರ್ಕ ಸಿಕ್ಕಿತು. ಆಗಲೂ ದಾರಿ ಉದ್ದವಾಯಿತೇ ಹೊರತು ಕವಲೊಡೆಯಲಿಲ್ಲ. ಪಕ್ಕದ ರೈಲ್ವೆ ಹಳಿಗಳದ್ದು ಎರಡನೆಯ ಜಾತಿ. ಕಂಟೋನ್ಮೆಂಟ್, ಕೃಷ್ಣರಾಜಪುರ, ಬಾಣಸವಾಡಿ, ಹೊಸೂರು ಕಡೆಯ ಹಳಿಗಳು ಈ ಭಾಗದಲ್ಲಿ ಕೂಡಿ ಅಗಲುತ್ತವೆ.

ಕನ್ನಡಿಗರಿಗೆ ಒಂಟಿದಾರಿಯ ವ್ಯೂಹದ ಪರಿಚಯ ಹಳೆಯದು. ಹನ್ನೆರಡನೆಯ ಶತಮಾನದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಮಹಾಭಾರತದ ಯುದ್ಧದೃಶ್ಯಗಳ ನಡುವೆ ಅಭಿಮನ್ಯು ಹೊಕ್ಕ ಚಕ್ರವ್ಯೂಹದ ಶಿಲ್ಪವಿದೆ. ಶಿಲ್ಪಿ ಸೈನ್ಯವನ್ನು ಸುತ್ತುಸುತ್ತಾದ ಗೆರೆಗಳಾಗಿ ಕಂಡಿದ್ದಾನೆ. 2023ರಲ್ಲಿ ಬೇಲೂರು ಮತ್ತು ಸೋಮನಾಥಪುರದೊಂದಿಗೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ದೇವಾಲಯಕ್ಕೆ ಬರುವವರಲ್ಲಿ ಬಹುತೇಕರು ಮದನಿಕೆಯರ ಎದುರು ನಿಂತು, ಈ ಚಿಕ್ಕ ಫಲಕವನ್ನು ಗಮನಿಸದೆ ಮುಂದೆ ಸಾಗುತ್ತಾರೆ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬೃಹತ್ ಗ್ರಂಥ ಬರೆದ ಅಲ್‌ಬೆರೂನಿ ಲಂಕೆಯ ರಾವಣನ ಕೋಟೆಯೆಂದು ಕೊಡುವ ಚಿತ್ರವೂ ಇದೇ ಬಗೆಯ ವ್ಯೂಹವೇ. ಪ್ರಾಚೀನ ಕ್ರೀಟ್ ದ್ವೀಪದ ನಾಣ್ಯಗಳ ಮೇಲೂ ಏಳು ಸುತ್ತಿನ ಇದೇ ವಿನ್ಯಾಸ ಕಾಣುತ್ತದೆ.

ಇಲ್ಲೊಂದು ವಿಚಿತ್ರವಿದೆ. ಅಭಿಮನ್ಯುವಿಗೆ ಒಳಹೋಗುವುದು ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ ಎಂಬುದು ಎಲ್ಲರೂ ಬಲ್ಲ ಕಥೆ. ಆದರೆ ದಾರಿ ಒಂದೇ ಇರುವ ವ್ಯೂಹದಲ್ಲಿ ಒಳಹೋದವನು ಹಿಂದಿರುಗಿ ನಡೆದರೆ ಸಾಕು, ಹೊರಗೆ ಬರುತ್ತಾನೆ. ಕಲ್ಲಿನಲ್ಲಿ ಕೆತ್ತಿದ ವ್ಯೂಹ ಯಾರನ್ನೂ ಕೊಲ್ಲಲಾರದು. ಕೊಂದದ್ದು ಗೆರೆಯಲ್ಲ, ಗೆರೆಯಾಗಿ ನಿಂತಿದ್ದವರ ಚಲನೆ. ಅಭಿಮನ್ಯು ಒಳಹೊಕ್ಕ ಬಿರುಕನ್ನು ಜಯದ್ರಥ ಮುಚ್ಚಿ ನಿಂತ, ಹಿಂದೆ ಬರಬೇಕಿದ್ದ ಪಾಂಡವರು ಹೊರಗೇ ಉಳಿದರು. ಬರೆದು ಮುಗಿಸಿದ ಮೇಲೆ ಗೋಡೆ ಕದಲದಿರುವುದೇ ಕಾಗದದ ವ್ಯೂಹಕ್ಕೂ ರಣರಂಗದ ವ್ಯೂಹಕ್ಕೂ ಇರುವ ಅಂತರ.

ಈ ಕಥೆಯ ಇನ್ನೊಂದು ಎಳೆ ಬಸಿರಿನೊಂದಿಗೆ ಬೆಸೆದುಕೊಂಡಿದೆ. ಅಭಿಮನ್ಯು ವ್ಯೂಹದ ರಹಸ್ಯವನ್ನು ಕೇಳಿಸಿಕೊಂಡದ್ದು ಸುಭದ್ರೆಯ ಗರ್ಭದಲ್ಲಿ. ದೇಶದ ಕೆಲವೆಡೆ ಹೆರಿಗೆ ನೋವಿನಲ್ಲಿರುವ ಹೆಂಗಸಿಗೆ ಕಂಚಿನ ತಟ್ಟೆಯಲ್ಲಿ ಕೇಸರಿಯಿಂದ ಚಕ್ರವ್ಯೂಹ ಬರೆದು, ಅದನ್ನು ನೀರಿನಿಂದ ತೊಳೆದು ಕುಡಿಸುವ ಪದ್ಧತಿಯಿತ್ತು. ಮಗು ಸುತ್ತುದಾರಿಯಿಂದ ಸಲೀಸಾಗಿ ಹೊರಬರಲಿ ಎಂಬುದು ಅದರ ಆಶಯ. ಔಷಧದ ದೃಷ್ಟಿಯಿಂದ ಅದರಿಂದ ಏನೂ ಆಗದು. ಆದರೆ ಇಂದು ಮಕ್ಕಳಾಟವೆನಿಸಿರುವ ಈ ಗೆರೆಗಳನ್ನು ಜೀವನ್ಮರಣದ ಹೊತ್ತಿನಲ್ಲಿ ಬರೆದವರೂ ಇದ್ದರು.

ಏಳು ಸುತ್ತನ್ನು ಬರೆಯುವ ಬಗೆ

ಏಳು ಸುತ್ತಿನ ವಿನ್ಯಾಸ ನೋಡಲು ಕಠಿಣ, ಬರೆಯಲು ಸುಲಭ. ಮೊದಲು ಒಂದು ಕೂಡುವ ಚಿಹ್ನೆ. ಅದರ ನಾಲ್ಕು ಮೂಲೆಗಳಲ್ಲಿ, ಮೊಗ್ಗುಲು ಒಳಮುಖವಾಗಿ ಮತ್ತು ತೋಳುಗಳು ಹೊರಮುಖವಾಗಿ ಇರುವಂತೆ ನಾಲ್ಕು ಮೂಲೆಗೆರೆಗಳು. ಪ್ರತಿ ಮೂಲೆಗೆರೆಯ ತೋಳುಗಳ ನಡುವೆ, ಹೊರ ತುದಿಯಲ್ಲಿ ಒಂದೊಂದು ಚುಕ್ಕಿ. ಇದು ಬೀಜ. ಈಗ ಇದರ ಅಂಚಿನಲ್ಲಿ ಒಟ್ಟು ಹದಿನಾರು ತುದಿಗಳಿರುತ್ತವೆ: ಕೂಡು ಚಿಹ್ನೆಯವು ನಾಲ್ಕು, ಮೂಲೆಗೆರೆಗಳವು ಎಂಟು, ಚುಕ್ಕಿಗಳು ನಾಲ್ಕು. ಕೂಡು ಚಿಹ್ನೆಯ ಮೇಲ್ತುದಿಯನ್ನು ಅದರ ಬಲಕ್ಕಿರುವ ಮೂಲೆಗೆರೆಯ ಮೇಲ್ತುದಿಗೆ ಕಮಾನಿನಂತೆ ಜೋಡಿಸಬೇಕು. ಬಳಿಕ ಎಡಗಡೆಯ ಮುಂದಿನ ತುದಿಯನ್ನು ಬಲಗಡೆಯ ಮುಂದಿನ ತುದಿಗೆ, ಮೊದಲ ಕಮಾನಿನ ಮೇಲಿಂದ ಹಾಯಿಸಿ ಕೂಡಿಸಬೇಕು. ಹೀಗೆ ಎಡಕ್ಕೊಂದು ಬಲಕ್ಕೊಂದು ಬಿಡದೆ ಕೂಡಿಸುತ್ತ ಹೋದರೆ ಎಂಟು ಕಮಾನುಗಳಲ್ಲಿ ಹದಿನಾರೂ ತುದಿಗಳು ಮುಗಿಯುತ್ತವೆ. ಕೊನೆಯ ಕಮಾನು ಎಲ್ಲವನ್ನೂ ಬಳಸಿ ಕೂಡು ಚಿಹ್ನೆಯ ಕೆಳತುದಿಗೆ ಸೇರುತ್ತದೆ. ಅದರ ಎಡಕ್ಕೆ ಉಳಿಯುವ ಸಂದೇ ಬಾಗಿಲು.

ಬೆರಳಿಟ್ಟು ನಡೆದು ನೋಡಿದರೆ ಇದರ ಸೊಗಸು ತಿಳಿಯುತ್ತದೆ. ಹೊರಗಿನಿಂದ ಎಣಿಸಿದರೆ ಮೊದಲು ಸಿಗುವುದು ಮೂರನೆಯ ಸುತ್ತು. ಅಲ್ಲಿಂದ ಎರಡು, ಒಂದು ಎಂದು ಹೊರಕ್ಕೆ ತಳ್ಳಿ, ನಾಲ್ಕಕ್ಕೆ ಕರೆತಂದು, ಏಳಕ್ಕೆ ಹಾರಿಸುತ್ತದೆ. ಏಳನೆಯ ಸುತ್ತು ನಡುಮನೆಗೆ ಅಂಟಿಕೊಂಡಿದೆ, ಆದರೆ ಬಾಗಿಲಿಲ್ಲ. ಮತ್ತೆ ಆರು, ಐದು ಎಂದು ಹೊರಕ್ಕೆ ಸರಿದ ಮೇಲೆಯೇ ಪ್ರವೇಶ. ಕವಲಿಲ್ಲದಿದ್ದರೂ ನಡೆಯುವವನ ಆಸೆಯನ್ನು ಎರಡು ಬಾರಿ ಮುರಿಯುವ ಈ ಜಾಣತನವನ್ನು ಕವಲುದಾರಿಯ ವಿನ್ಯಾಸಕಾರರೂ ಕಲಿಯಬೇಕಾಗಿದೆ. ಏಳು ಸುತ್ತಿನ ಕೋಟೆಯೆಂದೇ ಹೆಸರಾದ ಚಿತ್ರದುರ್ಗದಲ್ಲಿ ಒಂದು ಬಾಗಿಲಿನ ನೇರಕ್ಕೆ ಮುಂದಿನ ಬಾಗಿಲು ಕಾಣದಂತೆ ದಾರಿ ಮುರಿದಿರುವುದಕ್ಕೂ ಇಂಥದೇ ಕಾರಣವಿದೆ. ಅಲ್ಲಿ ತಡೆಯಬೇಕಾದದ್ದು ಮಾತ್ರ ಪೆನ್ಸಿಲನ್ನಲ್ಲ, ಶತ್ರುವಿನ ನುಗ್ಗುವಿಕೆಯನ್ನು.

ಎಂಬತ್ತೊಂದು ಚುಕ್ಕಿಯ ಲೆಕ್ಕ

ಕವಲುದಾರಿಯ ವ್ಯೂಹ ಬರೆಯಲು ಹೊರಟವರು ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ಮನಸ್ಸಿಗೆ ಬಂದ ಕಡೆ ಗೋಡೆ ಎಳೆಯುವುದು. ಅರ್ಧ ಮುಗಿಯುವಷ್ಟರಲ್ಲಿ ಎಲ್ಲೋ ಒಂದು ಕೋಣೆ ನಾಲ್ಕೂ ಕಡೆ ಮುಚ್ಚಿಹೋಗಿರುತ್ತದೆ, ಇನ್ನೆಲ್ಲೋ ಎರಡು ದಾರಿಗಳು ಒಂದೇ ಕಡೆ ತಲುಪುತ್ತವೆ. ಇದನ್ನು ತಪ್ಪಿಸುವ ಸರಳ ಉಪಾಯ ಅಂಗಳದ ರಂಗೋಲಿಯಲ್ಲೇ ಇದೆ.

ಹತ್ತು ಮನೆ ಉದ್ದ, ಹತ್ತು ಮನೆ ಅಗಲದ ಚೌಕವೊಂದನ್ನು ತೆಗೆದುಕೊಳ್ಳಿ. ಒಳಗೆ ಗೆರೆ ಬೇಡ, ಗೆರೆಗಳು ಸಂಧಿಸಬೇಕಾದ ಕಡೆ ಚುಕ್ಕಿ ಮಾತ್ರ ಇರಲಿ. ಸಾಲಿಗೆ ಒಂಬತ್ತರಂತೆ ಒಂಬತ್ತು ಸಾಲು, ಒಟ್ಟು 81 ಚುಕ್ಕಿ. ಈಗ ನಿಯಮ ಒಂದೇ: ಪ್ರತಿ ಗೆರೆಯ ಒಂದು ತುದಿ ಈಗಾಗಲೇ ಇರುವ ಗೋಡೆಗೆ ತಾಗಬೇಕು, ಇನ್ನೊಂದು ತುದಿ ಯಾವ ಗೋಡೆಯೂ ಮುಟ್ಟದ ಒಂಟಿ ಚುಕ್ಕಿಯಲ್ಲಿ ನಿಲ್ಲಬೇಕು. ಗೆರೆಯ ಉದ್ದ ಒಂದೇ ಮನೆಯದು. ಮೊದಲ ಗೆರೆಗಳು ಹೊರಗೋಡೆಯಿಂದ ಹೊರಡುತ್ತವೆ, ಮುಂದಿನವು ಅವುಗಳಿಂದ ಚಿಗುರುತ್ತವೆ. ಒಂಟಿ ಚುಕ್ಕಿಗಳು ಮುಗಿದಾಗ ಕೆಲಸ ಮುಗಿಯಿತು.

ಒಂದು ಗೆರೆಗೆ ಒಂದು ಚುಕ್ಕಿ ಖರ್ಚಾಗುವುದರಿಂದ ಬರೆದದ್ದು ಸರಿಯಾಗಿ 81 ಗೆರೆ. ಚೌಕದೊಳಗೆ ಮನೆ ಮನೆಗಳ ನಡುವೆ ಇರಬಹುದಾದ ಗೋಡೆಗಳು ಒಟ್ಟು 180. ಅವುಗಳಲ್ಲಿ 81 ಕಟ್ಟಿದರೆ ತೆರೆದುಳಿಯುವ ಬಾಗಿಲುಗಳು 99. ಮನೆಗಳು 100, ಬಾಗಿಲುಗಳು 99. ನೂರು ಮನೆಗಳನ್ನು ಒಂದಕ್ಕೊಂದು ಸಂಪರ್ಕಿಸಲು ಬೇಕಾದ ಕನಿಷ್ಠ ಸಂಖ್ಯೆ ಅದೇ. ಒಂದು ಕಡಿಮೆಯಾದರೆ ಯಾವುದೋ ಮನೆ ಬೇರ್ಪಡುತ್ತದೆ, ಒಂದು ಹೆಚ್ಚಾದರೆ ಎಲ್ಲೋ ಸುತ್ತುಬಳಸು ಹುಟ್ಟುತ್ತದೆ. ಆದ್ದರಿಂದ ಹೀಗೆ ಬರೆದ ವ್ಯೂಹದಲ್ಲಿ ಯಾವ ಮನೆಯಿಂದ ಯಾವ ಮನೆಗಾದರೂ ದಾರಿ ಇದ್ದೇ ಇರುತ್ತದೆ, ಮತ್ತು ಒಂದೇ ಇರುತ್ತದೆ. ಹೊರಗೋಡೆಯಲ್ಲಿ ಮನಬಂದ ಎರಡು ಕಡೆ ಕಂಡಿ ಕೊರೆದು ‘ಪ್ರವೇಶ’, ‘ನಿರ್ಗಮನ’ ಎಂದು ಬರೆದರೂ ಅಡ್ಡಿಯಿಲ್ಲ.

ರಂಗೋಲಿ ಬಲ್ಲವರು ಇಲ್ಲಿ ಇನ್ನೊಂದನ್ನು ಗಮನಿಸಬಹುದು. ಚುಕ್ಕಿಗಳನ್ನು ಕೂಡಿಸುವ ರಂಗೋಲಿ ಒಂದು ಬಗೆ, ಚುಕ್ಕಿಗಳನ್ನು ಮುಟ್ಟದೆ ಸುತ್ತಿಬರುವ ರಂಗೋಲಿ ಇನ್ನೊಂದು ಬಗೆ. ವ್ಯೂಹದಲ್ಲಿ ಎರಡೂ ಒಟ್ಟಿಗಿವೆ. ಗೋಡೆ ಚುಕ್ಕಿಗಳನ್ನು ಕೂಡಿಸುತ್ತದೆ, ದಾರಿ ಚುಕ್ಕಿಗಳನ್ನು ಸುತ್ತುತ್ತದೆ.

ದಿಕ್ಕು ತಪ್ಪಿಸುವ ಕಲೆ

ನಿಯಮ ಪಾಲಿಸಿದ ಮಾತ್ರಕ್ಕೆ ವ್ಯೂಹ ಸ್ವಾರಸ್ಯಕರವಾಗುವುದಿಲ್ಲ. ಗೆರೆಗಳನ್ನು ಎಲ್ಲೆಂದರಲ್ಲಿ ಚಿಗುರಿಸಿದರೆ ಎರಡು ಮೂರು ಮನೆಗಳಲ್ಲೇ ಮುಗಿಯುವ ಮೋಟು ಓಣಿಗಳು ತುಂಬಿಕೊಳ್ಳುತ್ತವೆ. ಕಣ್ಣು ಅವುಗಳನ್ನು ಕ್ಷಣದಲ್ಲಿ ತಳ್ಳಿಹಾಕುತ್ತದೆ. ಅನುಭವಿಗಳು ಮೊದಲು ಸರಿದಾರಿಯನ್ನು ತೆಳುವಾಗಿ ಗುರುತಿಸಿಕೊಂಡು, ಅದನ್ನು ಯಾವ ಗೋಡೆಯೂ ದಾಟದಂತೆ ಚುಕ್ಕಿಗಳನ್ನು ಕೂಡಿಸುತ್ತಾರೆ. ಆ ದಾರಿ ಗುರಿಯ ಸಮೀಪಕ್ಕೆ ಬಂದು, ಒಂದೇ ಗೋಡೆಯ ಅಂತರದಲ್ಲಿ ಹಾದು, ಮತ್ತೆ ದೂರ ಸರಿಯುವಂತಿದ್ದರೆ ಚೆನ್ನ. ಕುರುಡು ಓಣಿಗಳ ಪೈಕಿ ಎರಡು ಮೂರಾದರೂ ಸರಿದಾರಿಯಷ್ಟೇ ಉದ್ದವಿರಬೇಕು, ಅವುಗಳಿಗೂ ಸ್ವಂತ ಕವಲುಗಳಿರಬೇಕು, ಮತ್ತು ಅವು ಗುರಿಯ ದಿಕ್ಕಿಗೇ ಮುಖ ಮಾಡಿರಬೇಕು. ಮನುಷ್ಯ ಅಡ್ಡದಾರಿ ಹಿಡಿಯುವುದು ಅದು ಸರಿಯಾದ ದಿಕ್ಕಿನಲ್ಲಿ ಹೋಗುತ್ತಿರುವಂತೆ ಕಂಡಾಗಲೇ.

ಪ್ರವೇಶದ ಬಳಿಯೇ ಎಲ್ಲ ಕವಲುಗಳನ್ನು ತುಂಬುವುದು ಹೊಸಬರ ಇನ್ನೊಂದು ದೌರ್ಬಲ್ಯ. ಜಾಣ ಮಕ್ಕಳು ಇದನ್ನು ಬೇಗ ಪತ್ತೆಹಚ್ಚಿ ನಿರ್ಗಮನದಿಂದ ಹಿಮ್ಮುಖವಾಗಿ ಹೊರಡುತ್ತಾರೆ. ಅಲ್ಲಿಂದ ನೋಡಿದರೆ ಕವಲುಗಳೇ ಎದುರಾಗವು. ಆ ತುದಿಯಿಂದಲೂ ಮೋಸದ ಓಣಿಗಳನ್ನು ಎಳೆದಿದ್ದರೆ ಮಾತ್ರ ಒಗಟು ಎರಡೂ ಕಡೆಯಿಂದ ಗಟ್ಟಿ.

ಬಿಡಿಸುವವರ ಪಟ್ಟುಗಳು

ಬಿಡಿಸುವವರ ಕಡೆಗೂ ಪಟ್ಟುಗಳಿವೆ. ಎಲ್ಲಕ್ಕಿಂತ ಸುಂದರವಾದದ್ದು ಬಣ್ಣದ್ದು. ಪ್ರವೇಶ ಮತ್ತು ನಿರ್ಗಮನದ ಕಂಡಿಗಳು ಹೊರಗೋಡೆಯನ್ನು ಎರಡು ತುಂಡು ಮಾಡುತ್ತವೆ. ಚುಕ್ಕಿಯ ನಿಯಮದಿಂದ ಹುಟ್ಟಿದ ಪ್ರತಿಯೊಂದು ಒಳಗೋಡೆಯೂ ಈ ಎರಡರಲ್ಲಿ ಒಂದಕ್ಕೆ ಮಾತ್ರ ಅಂಟಿರುತ್ತದೆ. ಒಂದು ತುಂಡನ್ನೂ ಅದಕ್ಕೆ ಅಂಟಿದ ಗೋಡೆಗಳನ್ನೂ ಕೆಂಪು ಪೆನ್ಸಿಲಿನಿಂದ, ಇನ್ನೊಂದನ್ನು ನೀಲಿಯಿಂದ ತಿದ್ದಿದರೆ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಮಗ್ಗುಲಲ್ಲಿ ಕೆಂಪು, ಇನ್ನೊಂದು ಮಗ್ಗುಲಲ್ಲಿ ನೀಲಿ ಇರುವ ಓಣಿಯೇ ಸರಿದಾರಿ. ಎರಡೂ ಬದಿಗೆ ಒಂದೇ ಬಣ್ಣವಿದ್ದರೆ ಅದು ಕುರುಡು ಓಣಿ. ದಾರಿಯನ್ನು ಹುಡುಕದೆ ಗೋಡೆಯನ್ನು ಹಿಂಬಾಲಿಸಿಯೇ ಉತ್ತರ ಸಿಗುತ್ತದೆ.

ಒಳಗೆ ನಿಂತು ನಡೆಯುವವನಿಗೆ ಮೇಲಿನಿಂದ ನೋಡುವ ಸೌಕರ್ಯವಿಲ್ಲ. ಅವನು ಬಲಗೈಯನ್ನು ಬಲಗೋಡೆಗೆ ತಾಗಿಸಿ, ಎತ್ತದೆ ನಡೆಯಬೇಕು. ಗುರಿ ಇರುವ ಗೋಡೆ ಹೊರಗೋಡೆಯೊಂದಿಗೆ ಕೂಡಿಕೊಂಡಿದ್ದರೆ ಈ ಉಪಾಯ ಎಂದೂ ಕೈಕೊಡದು. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಬೆಳೆಸಿದ ಪ್ರಸಿದ್ಧ ಬೇಲಿ ವ್ಯೂಹವನ್ನೂ ಹೀಗೆ ಗೆಲ್ಲಬಹುದು. ಆದರೆ ಗುರಿಯನ್ನು ಬೇರೆ ಯಾವ ಗೋಡೆಗೂ ಅಂಟದ ದ್ವೀಪದೊಳಗಿಟ್ಟರೆ ಕೈ ಹಿಡಿದ ಗೋಡೆ ಹೊರಟಲ್ಲಿಗೇ ವಾಪಸು ತರುತ್ತದೆ. ಎರಡೂ ಕಡೆ ಹಳಿಯಿರುವ ಪ್ಲಾಟ್‌ಫಾರ್ಮನ್ನು ನಿಲ್ದಾಣದ ಹೊರಗೋಡೆ ಹಿಡಿದು ನಡೆದು ತಲುಪಲಾಗದಂತೆಯೇ ಇದು.

ಅಂಥ ಕಡೆಗೂ ಮದ್ದುಂಟು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಇಂಜಿನಿಯರ್ ತ್ರೆಮೋ ಕಂಡುಕೊಂಡ ಕ್ರಮವನ್ನು ಗಣಿತಜ್ಞ ಎದುವಾರ್ ಲೂಕಾ 1882ರಲ್ಲಿ ಪ್ರಕಟಿಸಿದ. ಓಣಿಯೊಂದನ್ನು ನಡೆದಾಗಲೆಲ್ಲ ಅದರಲ್ಲಿ ಸೀಮೆಸುಣ್ಣದ ಒಂದು ಗೆರೆ. ಹೊಸ ಕೂಡುದಾರಿ ಎದುರಾದರೆ ಯಾವ ಕವಲನ್ನಾದರೂ ಹಿಡಿಯಬಹುದು. ಹೊಸ ಓಣಿಯಿಂದ ಬಂದು ಹಳೆಯ ಕೂಡುದಾರಿಯನ್ನೇ ಸೇರಿದರೆ, ಅಥವಾ ಓಣಿ ಮುಚ್ಚಿದ್ದರೆ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಒಮ್ಮೆ ನಡೆದ ಓಣಿಯಿಂದ ಹಳೆಯ ಕೂಡುದಾರಿಗೆ ಮರಳಿದಾಗ ಗೆರೆಯಿಲ್ಲದ ಓಣಿಗೆ ಆದ್ಯತೆ. ಅದೂ ಇಲ್ಲದಿದ್ದರೆ ಒಂದು ಗೆರೆಯಿರುವುದು. ಎರಡು ಗೆರೆ ಬಿದ್ದ ಓಣಿಗೆ ಮತ್ತೆ ಕಾಲಿಡಬಾರದು. ಗುರಿ ಮುಟ್ಟಿದಾಗ ಒಂದೇ ಗೆರೆಯಿರುವ ಓಣಿಗಳು ಕೂಡಿ ದಾರಿಯನ್ನು ತೋರಿಸುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕ್ಲಾಡ್ ಶಾನನ್ 1950ರಲ್ಲಿ ‘ಥೀಸಿಯಸ್’ ಎಂಬ ಯಂತ್ರದ ಇಲಿಗೆ ವ್ಯೂಹದಲ್ಲಿ ದಾರಿ ಹುಡುಕಿ ನೆನಪಿಟ್ಟುಕೊಳ್ಳುವುದನ್ನು ಕಲಿಸಿದ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಯಂತ್ರ ಇಲಿಗಳ ಸ್ಪರ್ಧೆ ಆ ವಂಶದ್ದೇ.

ಬೈಯಪ್ಪನಹಳ್ಳಿಯನ್ನು ಹಾಳೆಗಿಳಿಸುವುದು

ಚೌಕಳಿ ವ್ಯೂಹ ಬೇಸರ ತಂದವರಿಗೆ ಊರಿನ ನಕ್ಷೆಯೇ ಮುಂದಿನ ಪಾಠ. ಬೈಯಪ್ಪನಹಳ್ಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಡಾವಣೆಗಳಲ್ಲಿ ಗೋಜಲು ಹುಟ್ಟುವುದು ರಸ್ತೆಗಳು ಹೆಚ್ಚಾದುದರಿಂದಲ್ಲ, ದಾಟಲಾಗದ ಗೋಡೆಗಳು ದೊಡ್ಡದಾದುದರಿಂದ. 1956ರಲ್ಲಿ ಸ್ಥಾಪನೆಯಾಗಿ 2002ರಲ್ಲಿ ಬಾಗಿಲು ಮುಚ್ಚಿದ ಎನ್‌ಜಿಇಎಫ್ ಕಾರ್ಖಾನೆಯ ವಿಶಾಲ ಆವರಣ ಹಳೇ ಮದ್ರಾಸ್ ರಸ್ತೆಯ ಬದಿಯಲ್ಲಿದೆ. ಸಿ.ವಿ. ರಾಮನ್ ನಗರದ ಕಡೆಗೆ ರಕ್ಷಣಾ ಸಂಶೋಧನಾ ಸಂಸ್ಥೆಗಳ ಕಾಂಪೌಂಡುಗಳು, ಉತ್ತರಕ್ಕೆ ರೈಲ್ವೆ ಜಾಗ. ಇವನ್ನು ದಪ್ಪ ಗೆರೆಯಲ್ಲಿ ಬರೆದರೆ ವ್ಯೂಹದ ಅರ್ಧ ಗೋಡೆಗಳು ಸಿದ್ಧ. ಉಳಿದ ಚಿಕ್ಕ ಗೋಡೆಗಳನ್ನು ಅಡ್ಡರಸ್ತೆಗಳ ನಡುವಣ ಮನೆಸಾಲುಗಳು ಒದಗಿಸುತ್ತವೆ. ನಿಜವಾದ ಊರಿನಲ್ಲಿ ಸುತ್ತುಬಳಸು ಇದ್ದೇ ಇರುತ್ತದೆ. ಒಂದೇ ಉತ್ತರ ಬೇಕಿದ್ದರೆ ಅಲ್ಲಲ್ಲಿ ‘ರಸ್ತೆ ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಫಲಕ ನಿಲ್ಲಿಸಿ ದಾರಿ ಮುಚ್ಚಬಹುದು. ಬೆಂಗಳೂರಿಗರು ಅದನ್ನು ಅಸಹಜವೆಂದು ಆಕ್ಷೇಪಿಸುವ ಸಂಭವವಿಲ್ಲ.

ಮೇಲ್ಸೇತುವೆಗಳನ್ನು ಮಾತ್ರ ಬಿಡಬಾರದು. ದಾರಿಯೊಂದು ಇನ್ನೊಂದರ ಮೇಲಿಂದ ಹಾದುಹೋದರೆ ವ್ಯೂಹದ ಸ್ವಭಾವವೇ ಬದಲಾಗುತ್ತದೆ. ಸೇತುವೆಯ ಕೆಳಗಿನ ಓಣಿಯಲ್ಲಿರುವವನು ತಲೆಯ ಮೇಲಿನ ದಾರಿಗೆ ಅಲ್ಲೇ ಏರಲಾರ. ಕೆಂಪು–ನೀಲಿ ಬಣ್ಣದ ಪಟ್ಟು ಇಲ್ಲಿ ನಡೆಯದು, ಏಕೆಂದರೆ ಗೋಡೆಗಳನ್ನು ಎರಡು ಪಾಲು ಮಾಡುವ ಮಾತು ದಾರಿಗಳು ಒಂದನ್ನೊಂದು ದಾಟದ ಸಪಾಟು ಹಾಳೆಗೆ ಮಾತ್ರ ಸಲ್ಲುತ್ತದೆ. ಎರಡೇ ಎರಡು ಸೇತುವೆಗಳು ಸಾಮಾನ್ಯ ವ್ಯೂಹವನ್ನು ಎಷ್ಟೋ ಪಾಲು ಕಠಿಣಗೊಳಿಸುತ್ತವೆ. ಬರೆಯುವಾಗ ಮೇಲಿನ ದಾರಿಯ ಎರಡೂ ಅಂಚುಗಳನ್ನು ಬಿಡದೆ ಎಳೆದು, ಕೆಳಗಿನ ದಾರಿಯ ಅಂಚುಗಳನ್ನು ಅಲ್ಲಿ ತುಂಡರಿಸಿದರೆ ಯಾವುದು ಮೇಲು, ಯಾವುದು ಕೆಳಗು ಎಂಬ ಅನುಮಾನ ಉಳಿಯದು. ಅನುಮಾನ ದಾರಿಯ ಬಗ್ಗೆ ಇರಬೇಕು, ಗೆರೆಯ ಬಗ್ಗೆ ಇರಬಾರದು.

ಚಿತ್ರ ಮುಗಿದ ಮೇಲೆ ಬರೆದವರೇ ಅದನ್ನು ಬಿಡಿಸಿ ನೋಡುವುದರಿಂದ ಪ್ರಯೋಜನವಿಲ್ಲ, ಅವರಿಗೆ ಉತ್ತರ ಗೊತ್ತು. ಮನೆಯಲ್ಲಿ ಯಾರಿಗಾದರೂ ಕೊಟ್ಟು, ಮಾತನಾಡದೆ, ಅವರ ಪೆನ್ಸಿಲ್ಲು ಎಲ್ಲಿ ತಡೆದು ನಿಲ್ಲುತ್ತದೆ ಎಂದು ಗಮನಿಸಬೇಕು. ಎಲ್ಲೂ ನಿಲ್ಲದಿದ್ದರೆ ಮೋಸದ ಓಣಿಗಳು ಮೋಟಾಗಿವೆ ಎಂದರ್ಥ. ಒಂದೇ ಕಡೆ ಮೂರು ಬಾರಿ ನಿಂತರೆ ಅಲ್ಲಿನ ಗೆರೆ ಅಸ್ಪಷ್ಟವಾಗಿರಬಹುದು. ಹಾಗೆಯೇ ಇನ್ನೊಂದು ಎಚ್ಚರ: ಸರಿದಾರಿಯನ್ನು ಗುರುತಿಸಿಕೊಂಡ ಪೆನ್ಸಿಲ್ ಗೆರೆಯನ್ನು ಎಷ್ಟೇ ಉಜ್ಜಿ ಅಳಿಸಿದರೂ ಹಾಳೆಯಲ್ಲಿ ಅದರ ಕುಳಿ ಉಳಿಯುತ್ತದೆ. ಹಾಳೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಉತ್ತರ ಪೂರ್ತಿ ಹೊಳೆಯುತ್ತದೆ, ಮಕ್ಕಳು ಅದನ್ನು ಮೊದಲು ನೋಡುತ್ತಾರೆ. ಗೋಡೆಗಳನ್ನು ಇಂಕಿನಲ್ಲಿ ತಿದ್ದಿ, ಜೆರಾಕ್ಸ್ ಮಾಡಿಸಿದ ಪ್ರತಿಯನ್ನೇ ಕೊಡುವುದು ಕ್ಷೇಮ.